ಸೊಳ್ಳೆಪರದೆಯೊಳಗಿನ ಗಾಡಿ

ಶರಣಪ್ಪನವರ ಮನೆಯಲ್ಲಿ ಇದ್ದದ್ದು ಒಂದೇ ಸೊಳ್ಳೆಪರದೆ. ಅದರೊಳಗೆ ಮಲಗುತ್ತಿದ್ದದ್ದು ಅವರ ಮೋಟಾರ್ ಸೈಕಲ್ಲು. ಮುಂಬಯಿ ಹೊರವಲಯದ ಠಾಕುರ್ಲಿಯ ಸೊಳ್ಳೆಗಳ ಪರಿಚಯ ಇದ್ದವರಿಗೆ ಈ ತ್ಯಾಗದ ಬೆಲೆ ಗೊತ್ತಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಮೈ ಕೆರೆದುಕೊಳ್ಳುತ್ತ ಹೊರಳಾಡುತ್ತಿದ್ದರೆ, ನೆಲಮಹಡಿಯ ಗ್ಯಾಲರಿಯಲ್ಲಿ ಗಾಡಿ ಮಾತ್ರ ಬಿಳಿ ಪರದೆಯೊಳಗೆ ಮದುಮಗಳ ಹಾಗೆ ಕೂತಿರುತ್ತಿತ್ತು. ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಆ ಪರದೆಯಿಂದ ಅದು ಹೊಸ ಬಣ್ಣದಲ್ಲಿ ಹೊರಗೆ ಬರುತ್ತಿತ್ತು. ದಸರೆಗೆ ಕೆಂಪಗಿದ್ದದ್ದು ಸಂಕ್ರಾಂತಿಗೆ ನೀಲಿ, ಯುಗಾದಿಗೆ ಬೂದು.

ಇದನ್ನು ನೋಡಿ ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ನಾನು ಆಗಲಿಲ್ಲ. ನಾನು ಅನುಮಾನದ ಮೇಲೆ ಹೊಟ್ಟೆ ಹೊರೆಯುವವನು. ವಾಶಿಯ ಒಂದು ವಿಮಾ ಕಚೇರಿಯಲ್ಲಿ, ಅಪಘಾತವಾಯಿತೆಂದು ಪರಿಹಾರ ಕೇಳುವವರ ಗಾಡಿಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಹಳೆಯ ಏಟನ್ನು ಹೊಸ ಏಟೆಂದು ತೋರಿಸುವವರು, ಕದ್ದ ಗಾಡಿಗೆ ಬಣ್ಣ ಬಳಿದು ತಂದವರು, ಎಲ್ಲರನ್ನೂ ನೋಡಿದ್ದೇನೆ. ನನ್ನ ಕಣ್ಣಿಗೆ ಹೊಸ ಬಣ್ಣ ಎಂದರೆ ಅದರ ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಹೀಗಿದ್ದವನ ಕೆಳಗಿನ ಮನೆಗೆ ವರ್ಷಕ್ಕೆ ಐದು ಸಲ ಗಾಡಿಯ ಬಣ್ಣ ಬದಲಿಸುವ ಮನುಷ್ಯ ಬಂದು ಸೇರಿದರೆ ಏನಾಗಬೇಕೋ ಅದೇ ಆಯಿತು. ಆ ಮನುಷ್ಯನ ಹೆಸರಿಗೆ ನಾನು ಹಚ್ಚಿದ ಕಲೆಯನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಶರಣಪ್ಪನವರು ಕಲಬುರಗಿ ಕಡೆಯವರು. ಕುಳ್ಳಗೆ, ಗಟ್ಟಿಯಾಗಿ, ಕಿವಿಯ ಮೇಲೆ ಕೂದಲು ಬಿಟ್ಟುಕೊಂಡು, ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಬಣ್ಣ ಇಟ್ಟುಕೊಂಡು ಓಡಾಡುವ ಮನುಷ್ಯ. ನವಿ ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಶೇಡ್ ಮಾಸ್ತರ್ ಆಗಿದ್ದರು. ಕಬ್ಬಿಣದ ಕಪಾಟು, ವಿದ್ಯುತ್ ಪೆಟ್ಟಿಗೆಗಳಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಗಿರಾಕಿ ಕಳಿಸಿದ ನಮೂನೆಯ ತಗಡಿಗೆ ಸರಿಯಾಗಿ ಬಣ್ಣ ಕಲಸುವುದು, ಹೊಂದಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಅವರು ಹೂಂ ಎಂದರೆ ಮಾಲು ಹೊರಡುತ್ತಿತ್ತು, ಊಹೂಂ ಎಂದರೆ ನಿಲ್ಲುತ್ತಿತ್ತು. ಭೇಟಿಯಾದ ಮೊದಲ ದಿನವೇ ಇದನ್ನು ಹೇಳಿಕೊಂಡಿದ್ದರು.

"ಇಪ್ಪತ್ತೆಂಟ ವರ್ಷ ಆತ್ರಿ ಪಾಟೀಲ್ ಸಾಹೇಬ್ರ, ನಾ ಪಾಸ್ ಮಾಡಿದ ಮಾಲು ಒಂದರೆ ತಿರುಗಿ ಬಂದಿಲ್ಲ. ಇನ್ನ ಎರಡ ವರ್ಷ ಅದ. ಇದೇ ಹೆಸರು ತಗೊಂಡು ಹೊರಗ ಬಿದ್ರ ಸಾಕು."

ಬೇರೆಯವರು ಪಿಂಚಣಿ, ಫ್ಲ್ಯಾಟು, ಮಕ್ಕಳ ಮದುವೆ ಎನ್ನುವ ವಯಸ್ಸಿನಲ್ಲಿ ಇವರಿಗೆ ಬೇಕಾಗಿದ್ದದ್ದು ಇಷ್ಟೇ. ಅಂದು ನನಗೆ ಅದೂ ಬಡಾಯಿ ಎನಿಸಿತ್ತು.

ಗಾಡಿ ಅವರ ಹುಚ್ಚು. ಹದಿನೈದು ವರ್ಷ ಹಳೆಯದು. ಅದರ ಸೀಟನ್ನು ಕತ್ತರಿಸಿ ಗಿಡ್ಡ ಮಾಡಿದ್ದರು, ಹೆಂಡತಿ ಮಹಾದೇವಿ ಅಕ್ಕ ಕೂರಲು ಜಾಗವೇ ಉಳಿದಿರಲಿಲ್ಲ. ಅಗಲವಾದ ಹ್ಯಾಂಡಲ್ ಹಾಕಿಸಿದ್ದರು, ಅದು ಗೇಟಿನಲ್ಲಿ ನೆಟ್ಟಗೆ ತೂರುತ್ತಿರಲಿಲ್ಲ. ಹಿಂದಿನ ಮಡ್‌ಗಾರ್ಡನ್ನು ಚೆಂದಕ್ಕೆಂದು ಅರ್ಧಕ್ಕೆ ಕತ್ತರಿಸಿದ್ದರಿಂದ ಮಳೆಗಾಲದಲ್ಲಿ ಅವರ ಬೆನ್ನಿನ ಮೇಲೆ ನಡುವಿನಿಂದ ಕುತ್ತಿಗೆಯವರೆಗೆ ಕೆಸರಿನ ಪಟ್ಟೆ ಇರುತ್ತಿತ್ತು. ಇಷ್ಟೆಲ್ಲ ಮಾಡಿ ಅವರು ಗಾಡಿಯನ್ನು ಓಡಿಸುತ್ತಿದ್ದದ್ದು ಠಾಕುರ್ಲಿ ಸ್ಟೇಷನ್ನಿನವರೆಗೆ ಮಾತ್ರ. ಅಲ್ಲಿಂದ ಲೋಕಲ್ ಹಿಡಿದು ಠಾಣೆ, ಠಾಣೆಯಲ್ಲಿ ಇಳಿದು ಮತ್ತೊಂದು ಲೋಕಲ್.

ರವಿವಾರ ಬಣ್ಣದ ದಿನ, ಒಂದು ಬಣ್ಣ ಪೂರ್ತಿ ಆಗಲು ಏಳೆಂಟು ರವಿವಾರ ಬೇಕಾಗುತ್ತಿತ್ತು. ಅಂದು ಬೆಳಿಗ್ಗೆ ಪೆಟ್ರೋಲ್ ಟಾಕಿ, ಪಕ್ಕದ ಪ್ಯಾನೆಲ್ಲುಗಳು, ಮಡ್‌ಗಾರ್ಡು ಎಲ್ಲ ಬಿಚ್ಚಿ, ನೀರು ಹಾಕಿಕೊಂಡು ಪಾಲಿಶ್ ಪೇಪರಿನಿಂದ ಉಜ್ಜಲು ಕೂರುತ್ತಿದ್ದರು. ಮುಖ ಕಾಣುವಷ್ಟು ನುಣುಪಾದ ಮೇಲೆ ಪರದೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಕಟ್ಟುವುದು, ನೆಲಕ್ಕೆ ನೀರು ಚೆಲ್ಲುವುದು, ಫ್ಯಾನು ಬಂದ್ ಮಾಡುವುದು. ಎಲ್ಲ ಧೂಳಿಗೆ ಹೆದರಿ. ಅನುಮಾನದಲ್ಲಿ ಅವರೇನು ನನಗೆ ಕಡಿಮೆ ಇರಲಿಲ್ಲ. ಅವರಿಗೆ ಧೂಳಿನ ಮೇಲೆ ಅನುಮಾನ, ಊದುಬತ್ತಿಯ ಮೇಲೆ ಅನುಮಾನ, ಒಗ್ಗರಣೆಯ ಮೇಲೆ ಅನುಮಾನ. "ಎಣ್ಣಿ ಹೊಗಿ ಕಣ್ಣಿಗಿ ಕಾಣಂಗಿಲ್ಲ, ಆದ್ರ ಟಾಕಿ ಮ್ಯಾಲ ಬಂದು ಕುಂಡರ್ತದ" ಎನ್ನುತ್ತಿದ್ದರು. ಹೀಗಾಗಿ ರವಿವಾರ ಅವರ ಮನೆಯಲ್ಲಿ ಬೇಳೆಗೆ ಒಗ್ಗರಣೆ ಬೀಳುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ವೈರಿ ಜೋಳದ ರೊಟ್ಟಿ. ರೊಟ್ಟಿ ಬಡಿದರೆ ಹಿಟ್ಟು ಹಾರುತ್ತದೆ, ಹಾರಿದ ಹಿಟ್ಟು ಹಸಿ ಬಣ್ಣದ ಮೇಲೆ ಕೂರುತ್ತದೆ. ಅನ್ನ ತಿಂದು ರವಿವಾರ ಕಳೆಯುವ ಮಂದಿಯಲ್ಲ ಅವರು. ಅದಕ್ಕೇ ಮಹಾದೇವಿ ಅಕ್ಕ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಮೊದಲ ಮಹಡಿಯ ನಮ್ಮ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದರು. ನಾವು ವಿಜಯಪುರದವರು. ನನ್ನ ಹೆಂಡತಿ ಸುನಂದಾ ಕೂಡ ಅವರ ಜೊತೆ ಕೂತು ನಮ್ಮದನ್ನೂ ಬಡಿದು ಮುಗಿಸುತ್ತಿದ್ದಳು. ಎರಡು ಮನೆಗಳ ನಡುವೆ ಸಲುಗೆ ಬೆಳೆದದ್ದು ಆ ತವೆಯ ಮುಂದೆಯೇ. ಗಂಡಸರಿಬ್ಬರಲ್ಲಿ ಒಬ್ಬ ಕೆಳಗೆ ಪರದೆಯೊಳಗೆ, ಇನ್ನೊಬ್ಬ ಮೇಲೆ ಕಿಟಕಿಯಲ್ಲಿ ನಿಂತು ಆ ಪರದೆಯನ್ನೇ ನೋಡುತ್ತ.

ಮೊದಲು ನಾನು ಮಾಡಿದ ಕೆಲಸ, ಗಾಡಿಯ ನಂಬರನ್ನು ಬರೆದುಕೊಂಡು ಹೋಗಿ ಕಚೇರಿಯಲ್ಲಿ ನೋಡಿದ್ದು. ಎಲ್ಲ ಸರಿಯಾಗಿತ್ತು. ಮೊದಲಿನಿಂದಲೂ ಒಬ್ಬರೇ ಮಾಲೀಕರು, ಶರಣಪ್ಪ. ಬಣ್ಣ ಮಾತ್ರ ಕಾಗದದಲ್ಲಿ ಕಪ್ಪು. ಕಾಗದ ಚೊಕ್ಕಟವಾಗಿದ್ದಷ್ಟೂ ನನಗೆ ಅನುಮಾನ ಹೆಚ್ಚುತ್ತದೆ, ಅದು ನನ್ನ ರೋಗ. ಒಂದು ರವಿವಾರ ಅವರು ಸ್ನಾನಕ್ಕೆ ಹೋಗಿದ್ದಾಗ ಪರದೆಯ ಅಂಚು ಎತ್ತಿ, ಟಾಕಿಯ ಅಡಿಯಲ್ಲಿ ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಯಾವ ಬಣ್ಣವಿದೆ ಎಂದು ನೋಡುವ ನಮ್ಮ ಕಸುಬಿನ ಚಟ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆರಳುದ್ದದ ಗೀರು ಬಿತ್ತು.

ಸಂಜೆ ಅವರು ಟಾಕಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಮೇಲೆ ಬಂದರು. ಕಟ್ಟಡದಲ್ಲಿ ಎಲ್ಲರ ಮೇಲೂ ಅವರಿಗೆ ಗುಮಾನಿ ಇತ್ತು. ವಾಚ್‌ಮನ್, ಹಾಲಿನವನು, ಎರಡನೆಯ ಮಹಡಿಯ ಬೆಕ್ಕು. ಒಬ್ಬೊಬ್ಬರನ್ನೇ ಲೆಕ್ಕ ಹಾಕಿ, ಕೊನೆಗೆ ಗೀರಿನ ಆಳ ನೋಡಿ ಬೆಕ್ಕೇ ಎಂದು ತೀರ್ಮಾನಿಸಿದರು. ಅದನ್ನು ನನಗೆ ತೋರಿಸಿ ಕೇಳಿದ್ದು, ನಾನು ಬಣ್ಣ ಬಲ್ಲವನೆಂದು. ನಾನೂ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ನೋಡಿ, ಬೆಕ್ಕೇ ಇರಬೇಕು ಎಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವಂತೆ ನಾನು ಉಗುರನ್ನು ಅಂಗೈಯೊಳಗೆ ಮಡಚಿಕೊಂಡಿದ್ದೆ. ಅವರು ನನ್ನ ಕೈಯ ಕಡೆ ನೋಡಲೇ ಇಲ್ಲ.

ಆಮೇಲೆ ಶುರುವಾಯಿತು ಅವರ ಪ್ರಶ್ನೆ. ವಾರಕ್ಕೆ ಎರಡು ಸಲ ಸಂಜೆ, ಬಿಸಿಲು ಇನ್ನೂ ಇರುವಾಗಲೇ ನನ್ನನ್ನು ಕೆಳಗೆ ಕರೆಯುತ್ತಿದ್ದರು. ನನ್ನ ತಪಾಸಣೆ ಮಧ್ಯಾಹ್ನಕ್ಕೆ ಮುಗಿದರೆ ನಾನು ಬೇಗ ಮನೆಗೆ ಬರುತ್ತಿದ್ದೆ, ಅವರದು ಬೆಳಗಿನ ಪಾಳಿ. ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು, ಅದರಲ್ಲಿದ್ದ ಬಣ್ಣವನ್ನು ಗಾಡಿಯ ಪಕ್ಕದ ಪ್ಯಾನೆಲ್ಲಿನ ಮೇಲೆ ಒಂದು ಅಂಗೈಯಷ್ಟು ಹಾಯಿಸಿ, ಒಣಗಿದ ಮೇಲೆ ಅದರ ಪಕ್ಕದಲ್ಲಿ ಕಾರ್ಖಾನೆಯ ನಮೂನೆಯ ತಗಡನ್ನು ಹಿಡಿಯುತ್ತಿದ್ದರು.

"ನೋಡ್ರಿ, ಇವೆರಡೂ ಒಂದೇ ಅವೇನು, ಬ್ಯಾರೆ ಅವೇನು?"

ಮನೆಗೇಕೆ ತರುತ್ತೀರಿ ಎಂದು ಕೇಳಿದರೆ, ಕಾರ್ಖಾನೆಯ ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ, ಬಿಸಿಲಿನಲ್ಲಿ ನಿಜ ಹೇಳುತ್ತದೆ ಎನ್ನುತ್ತಿದ್ದರು. ಹೇಗಿದ್ದರೂ ಗಾಡಿಗೆ ಬಣ್ಣ ಹಚ್ಚುವ ಚಟ ಇದ್ದೇ ಇದೆಯಲ್ಲ, ಇದೂ ಅದರಲ್ಲೇ ಆಗಿಹೋಗುತ್ತದೆ ಎಂದು ನಗುತ್ತಿದ್ದರು. ನಾನು ಮೊದಲ ಐದಾರು ತಿಂಗಳು ಸರಿಯಾಗಿಯೇ ಹೇಳಿದೆ. ಎಡಗಡೆಯದರಲ್ಲಿ ನೀಲಿ ಹೆಚ್ಚಾಗಿದೆ, ಬಲಗಡೆಯದು ಸ್ವಲ್ಪ ಮಂಕು, ಹೀಗೆ. ಹೊಗಳಿಕೆ ಯಾರಿಗೆ ಬೇಡ? "ನಿಮ್ಮದು ಬಣ್ಣ ಓದೋ ಕಣ್ಣು" ಎನ್ನುತ್ತಿದ್ದರು ಅವರು. ತಮಗೂ ಹಾಗೇ ಅನಿಸಿತ್ತೆಂದು ಕೊನೆಗೊಂದು ಮಾತು ಸೇರಿಸುತ್ತಿದ್ದರು.

ಆ ಕೊನೆಯ ಮಾತೇ ನನ್ನ ತಲೆ ಕೊರೆಯತೊಡಗಿತು. ಇಪ್ಪತ್ತೆಂಟು ವರ್ಷ ಶೇಡ್ ನೋಡಿದವನು ವಿಮಾ ಕಚೇರಿಯವನನ್ನು ಏಕೆ ಕೇಳಬೇಕು? ನಾನು ಹೇಳುವವರೆಗೂ ಬಾಯಿ ಬಿಡದೆ, ಹೇಳಿದ ಮೇಲೆ ಮಾತ್ರ ತನಗೂ ಹಾಗೇ ಕಂಡಿತ್ತು ಎನ್ನುವುದೇಕೆ? ಚೀಟಿ ಇಲ್ಲದ ಆ ಬಾಟಲಿಗಳು ಎಲ್ಲಿಂದ ಬರುತ್ತವೆ? ಮಾಸ್ತರ್ ಎಂಬುದೇ ಸುಳ್ಳಿರಬಹುದು, ಕಾರ್ಖಾನೆಯ ಬಣ್ಣ ಕದ್ದು ತಂದು ಯಾರ್‍ಯಾರದೋ ಗಾಡಿಗಳಿಗೆ ಹೊಂದಿಸಿ ಕೊಡುತ್ತಿರಬಹುದು ಎಂದು ನಾನೇ ಒಂದು ಕಥೆ ಕಟ್ಟಿದೆ. ಸುನಂದಾಳಿಗೆ ಹೇಳಿದರೆ ಅವಳು ತವೆಯಿಂದ ತಲೆ ಎತ್ತದೆ, "ಕಾಮಣಿ ಆದವಂಗ ನಿಮಗ ಕಂಡದ್ದೆಲ್ಲಾ ಹಳದಿ" ಎಂದಳು.

ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಎದುರಿನವನ ಮೇಲೆ ಅನುಮಾನ ಬಂದರೆ ನಾವೇ ಒಂದು ತಪ್ಪು ಮಾತನ್ನು ಖಾತ್ರಿಯಿಂದ ಹೇಳುತ್ತೇವೆ. ಏಟು ಎಡಗಡೆ ಬಿದ್ದಿದ್ದರೆ, ಬಲಗಡೆ ಬಿದ್ದದ್ದಲ್ಲವೇ ಎನ್ನುತ್ತೇವೆ. ನಿಜವಾಗಿ ಪೆಟ್ಟು ತಿಂದವನು ತಕ್ಷಣ ಜಗಳಕ್ಕೆ ಬರುತ್ತಾನೆ. ಸುಳ್ಳು ಹೇಳುವವನು ಎಲ್ಲದಕ್ಕೂ ಹೂಂ ಎನ್ನುತ್ತಾನೆ. ಈ ಉಪಾಯ ನನಗೆ ಎಂದೂ ಕೈಕೊಟ್ಟಿರಲಿಲ್ಲ.

ಅದೊಂದು ಮಂಗಳವಾರ. ಪ್ಯಾನೆಲ್ಲಿನ ಮೇಲೆ ಹೊಸದಾಗಿ ಹಾಯಿಸಿದ ಬೂದು ಬಣ್ಣ, ಪಕ್ಕದಲ್ಲಿ ನಮೂನೆಯ ತಗಡು. ತಗಡಿನ ಬೂದು ಬಣ್ಣದಲ್ಲಿ ನೀಲಿಯ ನೆರಳು, ಪ್ಯಾನೆಲ್ಲಿನ ಬೂದು ಬಣ್ಣದಲ್ಲಿ ಹಸಿರಿನ ನೆರಳು. ದಾರಿಯಲ್ಲಿ ಹೋಗುವವರನ್ನು ಕರೆದು ಕೇಳಿದರೂ ಹೇಳುತ್ತಿದ್ದರು. ಅವರು ಎಂದಿನಂತೆ ಕೇಳಿದರು. ನಾನು ಬಗ್ಗಿ ನೋಡಿ, ತಲೆ ಆಡಿಸಿ, ಎರಡೂ ಒಂದೇ ಎಂದೆ. ಆಮೇಲೆ ಬಣ್ಣ ಬಿಟ್ಟು ಅವರ ಮುಖವನ್ನೇ ನೋಡುತ್ತ ನಿಂತೆ.

ಅವರು ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು. ತಗಡನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ಓರೆ ಮಾಡಿದರು.

"ಖರೆ ಒಂದೇ ಅವೇನ್ರಿ?"

"ಒಂದೇ ಅವ."

"ನೀವು ಅಂದ ಮ್ಯಾಲ ಆತು ಬಿಡ್ರಿ. ನನಗೂ ಹಂಗೇ ಅನಸಿತ್ತು."

ಸಿಕ್ಕಿಬಿದ್ದ ಎಂದುಕೊಂಡೆ. ಮೆಟ್ಟಿಲು ಹತ್ತುವಾಗ ನನಗೆ ಆದ ಖುಷಿಯನ್ನು ನೆನೆದರೆ ಈಗ ಮೈ ಉರಿಯುತ್ತದೆ. ನೀಲಿ ಯಾವುದು ಹಸಿರು ಯಾವುದು ಗೊತ್ತಿಲ್ಲದವನು ಎಂಥ ಮಾಸ್ತರ್ ಎಂದು ಸುನಂದಾಳ ಮುಂದೆ ಜಂಬ ಕೊಚ್ಚಿದೆ. ಕಟ್ಟಡದ ಸೊಸೈಟಿಯ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ ಎಂದೂ ಹೇಳಿದೆ. ಅವಳು ಊಟಕ್ಕೆ ಏಳಿ ಎಂದಳು.

ಮೂರು ನಾಲ್ಕು ವಾರ ಕಳೆದಿರಬೇಕು. ಒಂದು ರವಿವಾರ ಕೆಳಗಿನಿಂದ ಥಿನ್ನರ್ ವಾಸನೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಪರದೆಯನ್ನು ಮಡಚಿ ಗಾಡಿಯ ಸೀಟಿನ ಮೇಲೆ ಇಟ್ಟಿದ್ದರು. ಬಣ್ಣವಿಲ್ಲದ ದಿನ ರೊಟ್ಟಿಗೆ ಮೇಲೆ ಬರುವ ಅಗತ್ಯವಿರಲಿಲ್ಲ, ಆದರೂ ಮಹಾದೇವಿ ಅಕ್ಕ ಬಂದರು. ಹಿಟ್ಟು ನಾದುತ್ತ ನಾದುತ್ತ ಅಳತೊಡಗಿದರು. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಪ್ರತಿ ಮಾತೂ ಕೇಳುತ್ತಿತ್ತು.

ಶರಣಪ್ಪನವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿ ವರ್ಷವಾಗುತ್ತ ಬಂದಿತ್ತು. ಅಕ್ಷರ ಕಾಣುತ್ತಿತ್ತು, ರಸ್ತೆ ಕಾಣುತ್ತಿತ್ತು. ನೀಲಿ ಮತ್ತು ಹಸಿರು ಮಾತ್ರ ಒಂದರೊಳಗೊಂದು ಕಲಸಿಹೋಗಿದ್ದವು. ಕಾರ್ಖಾನೆಯಲ್ಲಿ ಹೇಳಿದರೆ ಶೇಡಿನ ಮೇಜಿನಿಂದ ಎಬ್ಬಿಸುತ್ತಾರೆಂದು ಮುಚ್ಚಿಟ್ಟಿದ್ದರು. ಗಾಡಿಯ ನೆಪದಲ್ಲಿ ಬಣ್ಣ ಮನೆಗೆ ತಂದು ನನ್ನ ಕಣ್ಣಿನಿಂದ ನೋಡಿಸಿಕೊಂಡು, ಮರುದಿನ ಹೋಗಿ ಹೂಂ ಅಥವಾ ಊಹೂಂ ಎನ್ನುತ್ತಿದ್ದರು. ನಿವೃತ್ತಿಯವರೆಗೆ ಉಳಿದ ದಿನಗಳನ್ನು ಹೇಗಾದರೂ ದಾಟಿಸಿಬಿಡಬೇಕು ಎಂದಿದ್ದರು. ಈ ಸಲ ಒಂದು ಲಾರಿ ಪೆಟ್ಟಿಗೆಗಳು ಪೂರ್ತಿ ಹಿಂದಕ್ಕೆ ಬಂದವು. ಹಳೆಯ ಪೆಟ್ಟಿಗೆ ನೀಲಿ ಬೂದು, ಹೊಸದು ಹಸಿರು ಬೂದು, ಅಕ್ಕಪಕ್ಕ ನಿಲ್ಲಿಸಿದರೆ ಕುರುಡನಿಗೂ ಕಾಣುತ್ತದೆ ಎಂದು ಗಿರಾಕಿ ಬರೆದಿದ್ದನಂತೆ. ಕಾರ್ಖಾನೆಯವರು ಹತ್ತು ತಗಡು ಸಾಲಾಗಿ ಇಟ್ಟು, ಕೆಲಸಗಾರರೆಲ್ಲರ ಎದುರಿನಲ್ಲಿ, ಗುರುತಿಸು ಎಂದರು. ಅವರು ನಿಂತಲ್ಲೇ ನಿಂತರು. ಪ್ಯಾಕಿಂಗ್ ವಿಭಾಗಕ್ಕೆ ಹೋಗು ಎಂದದ್ದಕ್ಕೆ ರಾಜೀನಾಮೆ ಬರೆದು ಕೊಟ್ಟು ಬಂದಿದ್ದರು.

"ಮತ್ಯಾರಿಗಿ ತೋರಿಸಿದ್ದಿ ಅಂತ ಕೇಳಿದ್ರಂತ ಯವ್ವಾ. ನನ್ನ ಕಣ್ಣು, ನನ್ನ ತಪ್ಪು ಅಂದಾರ. ಪಾಟೀಲ್ ಸಾಹೇಬ್ರ ಹೆಸರು ತಗದಿಲ್ಲ."

ಸುನಂದಾ ಒಳಗಿನಿಂದ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತಲ್ಲ, ನಾನೇ ಜಂಬದಿಂದ ಹೇಳಿದ್ದೆನಲ್ಲ. ಮತ್ತೆ ತವೆಯ ಕಡೆ ತಿರುಗಿ ರೊಟ್ಟಿ ಮಗುಚಿದಳು. ಮದುವೆಯಾದ ಮೇಲೆ ಮೊದಲ ಸಲ ನನಗೆ ಹೆಂಡತಿಯ ಬೈಗುಳ ಬೇಕು ಎನಿಸಿತು.

ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ದಿನಾ ಅಂದುಕೊಂಡೆ. ದಿನಾ ಗ್ಯಾಲರಿಯವರೆಗೆ ಹೋಗಿ, ಹವೆಯ ಮಾತಾಡಿ, ಮೆಟ್ಟಿಲು ಹತ್ತಿ ಬಂದೆ. ಒಮ್ಮೆ ಮಾತ್ರ ಗಾಡಿ ಮತ್ತೆ ಪರದೆಯೊಳಗಿತ್ತು. ಕಲಬುರಗಿಯಲ್ಲಿ ತಮ್ಮನ ಹಾರ್ಡ್‌ವೇರ್ ಅಂಗಡಿ ಇದೆ, ಅಲ್ಲಿಗೆ ಹೋಗುತ್ತೇವೆ, ಅದಕ್ಕೆ ಗಾಡಿಯನ್ನು ಕಾಗದದಲ್ಲಿದ್ದ ಬಣ್ಣಕ್ಕೇ ತರುತ್ತಿದ್ದೇನೆ ಎಂದರು. ಉಜ್ಜಿ ಉಜ್ಜಿ, ಮೂರು ಕೈ ಕಪ್ಪು ಹಾಕಿದ್ದರು. ನಾನು ಹೊಳಪು ಚೆನ್ನಾಗಿದೆ ಎಂದೆ.

"ಕರಿ ಬಣ್ಣಕ್ಕ ಯಾರಿಗೂ ಕೇಳೋ ಕೆಲಸ ಇಲ್ಲ ನೋಡ್ರಿ" ಎಂದರು.

ಈ ಮಾತು ಚುಚ್ಚಲೆಂದೇ ಹೇಳಿದ್ದೋ? ಅವರಿಗೆ ಗೊತ್ತಾಗಿದೆಯೇ? ವಾರಗಟ್ಟಲೆ ಅದನ್ನೇ ತಿರುವಿ ತಿರುವಿ ನೋಡಿದೆ. ನನ್ನ ಬುದ್ಧಿ ಎಂಥದು ನೋಡಿ, ತಪ್ಪು ಮಾಡಿದವನು ನಾನು, ಆಗಲೂ ಅನುಮಾನ ಪಟ್ಟದ್ದು ಅವರ ಮೇಲೆ.

ಅವರು ಹೊರಡುವ ದಿನ ಗಾಡಿಯನ್ನು ರೈಲಿನಲ್ಲಿ ಕಳಿಸಲು ಕಲ್ಯಾಣದ ಪಾರ್ಸೆಲ್ ಕಚೇರಿಗೆ ನಾನೂ ಹೋದೆ. ಟಾಕಿಯ ಪೆಟ್ರೋಲ್ ಖಾಲಿ ಮಾಡಿ, ಹಮಾಲರು ಗೋಣಿತಟ್ಟು ಸುತ್ತಿ ಹೊಲಿಯುತ್ತಿದ್ದರು. ಶರಣಪ್ಪನವರು ಟಾಕಿಯ ಮೇಲೆ ಮೊದಲು ಹಳೆಯ ಸೀರೆ ಹೊದಿಸಿ, ಗೋಣಿ ತಾಗದಂತೆ ಮಡಿಕೆ ಸರಿಮಾಡುತ್ತಿದ್ದರು. ಇನ್ನು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಹಲ್ಲು ಕಚ್ಚಿ ಬಾಯಿ ತೆರೆದೆ. ಶರಣಪ್ಪನವರೇ, ಅವತ್ತು ನಾನು ಬೂದು ಬಣ್ಣ ಒಂದೇ ಎಂದೆನಲ್ಲ, ಎಂದು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಾನೂ ಅದೇ ಮಾತು ಎತ್ತಬೇಕಂತಿದ್ದೆ, ನೀವು ಮನಸಿಗಿ ಹಚ್ಕೋತೀರಂತ ಸುಮ್ಮಿದ್ದೆ. ಮಾಲು ತಿರುಗಿ ಬಂದ ದಿನಾನೇ ನನಗ ತಿಳೀತ್ರಿ. ನಿಮ್ಮ ಕಣ್ಣಿಗೂ ನನ್ನಂಗೇ ಆಗ್ಯಾದ. ನಿಮಗ ಇನ್ನಾ ಗೊತ್ತಾಗಿಲ್ಲ, ಅಷ್ಟೇ. ನಂದು ಹೋತು, ಹೋಗ್ಲಿ. ನಿಮ್ಮ ನೌಕರಿನೂ ಕಣ್ಣಿಂದೇ ಅದ. ಲಗೂನ ತೋರಸ್ರಿ."

ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಯಲ್ಲಿಟ್ಟರು. ಡೊಂಬಿವಲಿಯ ಒಬ್ಬ ಕಣ್ಣಿನ ಡಾಕ್ಟರಮ್ಮನ ವಿಳಾಸ. ತಾವು ತಡವಾಗಿ ಹೋದದ್ದು ಅವರ ಹತ್ತಿರವೇ ಅಂತೆ. ಹಮಾಲರು ಗಾಡಿಯನ್ನು ತಳ್ಳಿಕೊಂಡು ಹೊರಟರು. ಶರಣಪ್ಪನವರು ಅದರ ಹಿಂದೆ, ಗೋಣಿಯ ಮೇಲೆ ಕೈ ಇಟ್ಟುಕೊಂಡು, ಎತ್ತಿ ಇಡುವಾಗ ಹುಷಾರು ಎಂದು ಹಿಂದಿಯಲ್ಲಿ ಹೇಳುತ್ತ ಹೋದರು. ಧೂಳು, ಹೊಗೆ, ಬೆಕ್ಕು, ಹಾಲಿನವನು, ಎಲ್ಲವನ್ನೂ ಅನುಮಾನಿಸಿದ ಆ ಮನುಷ್ಯನಿಗೆ ನನ್ನನ್ನು ಅನುಮಾನಿಸುವುದು ಹೊಳೆಯಲೇ ಇಲ್ಲ. ನಾನು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಆ ಡಾಕ್ಟರಮ್ಮನ ಹತ್ತಿರ ಹೋದೆ. ಕಣ್ಣಿಗೆ ಔಷಧಿ ಹಾಕಿ ಅರ್ಧ ಗಂಟೆ ಕೂರಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಏನಾದರೂ ದೋಷ ಸಿಗಲಿ ಎಂದು ದೇವರನ್ನು ಬೇಡಿಕೊಳ್ಳುತ್ತ ಆ ಕುರ್ಚಿಯಲ್ಲಿ ಕೂತವನು ನಾನೊಬ್ಬನೇ ಇರಬೇಕು. ಸಿಗಲಿಲ್ಲ. ಐವತ್ತು ದಾಟಿದ ಮೇಲೆ ಇಷ್ಟು ಚೊಕ್ಕ ಕಣ್ಣು ಅಪರೂಪ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು.

ಅಂದು ಸಂಜೆಯೇ ಕಲಬುರಗಿಯಿಂದ ಶರಣಪ್ಪನವರ ಫೋನ್ ಬಂತು. ಗಾಡಿ ಒಂದು ಗೀರೂ ಇಲ್ಲದೆ ಬಂದು ತಲುಪಿದೆ ಎಂದರು. ಆಮೇಲೆ ದನಿ ತಗ್ಗಿಸಿ, ಡಾಕ್ಟರ್ ಏನಂದರು ಎಂದು ಕೇಳಿದರು.

ಎದುರಿಗೆ ಸುನಂದಾ ನಿಂತಿದ್ದಳು.

"ಸ್ವಲ್ಪ ಅದ ಅಂದ್ರು" ಎಂದೆ.

"ನಾ ಅಂದಿದ್ದಿಲ್ಲೇನ್ರಿ" ಎಂದರು ಅವರು. ಧೈರ್ಯ ಹೇಳಿದರು. ಔಷಧಿ ತಪ್ಪಿಸಬೇಡಿ ಎಂದರು, ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದರು. ಕೊನೆಗೆ, "ಒಂದ ಮಾತು ಕೇಳ್ರಿ. ನನ್ನಂಗ ಮಂದಿಗಿ ಮುಚ್ಚಿಡಬ್ಯಾಡ್ರಿ" ಎಂದರು.

ಮುಚ್ಚಿಡುವುದಿಲ್ಲ ಎಂದೆ.